ಗಾಡಿ ಹೊಡೆಯುವವನ ಜೊತೆ ಒಂದು ರಾತ್ರಿ: 1921ರ ಮೂಕಿ ಚಿತ್ರವೊಂದನ್ನು ನೋಡುವ ಬಗೆ

ಮೂಕಿ ಚಿತ್ರ ಅಂದರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಚಾಪ್ಲಿನ್ ಒಬ್ಬನೇ. ದಡಬಡ ಓಡಾಟ, ಜಾರಿ ಬೀಳುವುದು, ಹಿಂದೆ ಟಿಣಿಟಿಣಿ ಪಿಯಾನೋ. ಸಾವು, ಪಾಪ, ಪಶ್ಚಾತ್ತಾಪ ಇಂಥದ್ದನ್ನೆಲ್ಲ ಒಂದು ಮಾತೂ ಕೇಳಿಸದೆ ತೋರಿಸಬಹುದು ಅಂತ ನನಗೂ ಅನ್ನಿಸಿರಲಿಲ್ಲ, ಸ್ವೀಡನ್ನಿನ ‘ಶೋರ್‌ಕಾರ್ಲೆನ್’ ನೋಡುವವರೆಗೆ.

ಆ ಚಿತ್ರವನ್ನೂ ಮೊದಲ ಸಲ ಇಪ್ಪತ್ತೇ ನಿಮಿಷಕ್ಕೆ ನಿಲ್ಲಿಸಿಬಿಟ್ಟಿದ್ದೆ. ಸಿಕ್ಕ ಪ್ರತಿ ಮಸುಕಾಗಿತ್ತು. ಜನ ಇರುವೆಗಳ ಹಾಗೆ ಓಡಾಡುತ್ತಿದ್ದರು. ಸಾಯುತ್ತಿರುವ ಹೆಂಗಸಿನ ದೃಶ್ಯಕ್ಕೆ ಯಾರೋ ಕುಣಿತದ ಸಂಗೀತ ಅಂಟಿಸಿದ್ದರು. ಕಥೆ ಎಲ್ಲಿ ಹಿಂದಕ್ಕೆ ಹೋಯಿತು, ಎಲ್ಲಿ ಮುಂದಕ್ಕೆ ಬಂತು ಗೊತ್ತಾಗಲಿಲ್ಲ. ಎರಡು ವರ್ಷ ಬಿಟ್ಟು ಸರಿಯಾದ ಪ್ರತಿ ಸಿಕ್ಕಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಮಾಡಿದ ತಪ್ಪು ನೀವು ಮಾಡಬಾರದು, ಅಷ್ಟೇ ಈ ಲೇಖನದ ಉದ್ದೇಶ. ಕೊನೆ ಏನಾಗುತ್ತದೆ ಅನ್ನುವುದನ್ನೂ ಹೇಳುತ್ತೇನೆ. ಹೇಳದೆ ಈ ಚಿತ್ರದ ಬಗ್ಗೆ ಮಾತಾಡುವುದು ಕಷ್ಟ. ಮೊದಲು ನೋಡಿ ಆಮೇಲೆ ಓದುವವರು ‘ಸಂಗೀತ ಮತ್ತು ಕತ್ತಲೆ’ ಮುಗಿದಲ್ಲಿಗೆ ಓದು ನಿಲ್ಲಿಸಬಹುದು.

ಮೊದಲು ಸ್ವಲ್ಪ ಪರಿಚಯ. ಚಿತ್ರ ಬಿಡುಗಡೆಯಾದದ್ದು 1921ರ ಜನವರಿ 1ರಂದು. ಕಥೆ ನಡೆಯುವುದೂ ಹೊಸವರ್ಷದ ಹಿಂದಿನ ರಾತ್ರಿಯೇ. ನಿರ್ದೇಶಕ ವಿಕ್ಟರ್ ಶೋಸ್ಟ್ರೋಮ್. ನಾಯಕ, ಅಥವಾ ಖಳನಾಯಕ ಅನ್ನಿ, ಡೇವಿಡ್ ಹಾಲ್ಮ್ ಪಾತ್ರವನ್ನೂ ಅವನೇ ಮಾಡಿದ. ಕ್ಯಾಮೆರಾ ಯೂಲಿಯಸ್ ಯೇನ್ಸೋನ್‌ನದು. ಕಥೆ ಸೆಲ್ಮಾ ಲಾಗರ್ಲೋಫ್ 1912ರಲ್ಲಿ ಬರೆದ ಕಾದಂಬರಿಯದು. ಸಾಹಿತ್ಯಕ್ಕೆ ನೊಬೆಲ್ ಪಡೆದ ಮೊದಲ ಹೆಂಗಸು ಈಕೆ, 1909ರಲ್ಲಿ. ಕ್ಷಯರೋಗದ ಬಗ್ಗೆ ಜನಕ್ಕೆ ತಿಳಿವಳಿಕೆ ಮೂಡಿಸಲು ಏನಾದರೂ ಬರೆದುಕೊಡಿ ಅಂತ ಸಂಘವೊಂದು ಕೇಳಿಕೊಂಡಿತ್ತು. ಆಕೆ ಬರೆದುಕೊಟ್ಟದ್ದು ದೆವ್ವದ ಕಥೆ!

ಇಂಗ್ಲಿಷಿನಲ್ಲಿ ಇದನ್ನು ‘ದಿ ಫ್ಯಾಂಟಮ್ ಕ್ಯಾರಿಯೇಜ್’ ಅನ್ನುತ್ತಾರೆ, ಅಂದರೆ ಭೂತದ ಗಾಡಿ. ಸ್ವೀಡಿಷ್ ಹೆಸರಿನಲ್ಲಿ ಭೂತ ಇಲ್ಲ. ಅದರ ಅರ್ಥ ‘ಗಾಡಿ ಹೊಡೆಯುವವನು’ ಅಂತ. ನನಗೆ ಆ ಹೆಸರೇ ಸರಿ ಅನ್ನಿಸುತ್ತದೆ.

ಸರಿಯಾದ ಪ್ರತಿ ಹುಡುಕಿ

ನೂರು ವರ್ಷ ದಾಟಿದ ಚಿತ್ರವಾದ್ದರಿಂದ ಅಂತರ್ಜಾಲದಲ್ಲಿ ಸುಮಾರು ಪ್ರತಿಗಳು ಸಿಗುತ್ತವೆ. ಎಲ್ಲವೂ ಒಂದೇ ಅಲ್ಲ. ಮೂರು ಸಂಗತಿ ನೋಡಿಕೊಳ್ಳಿ.

ಒಂದು, ಉದ್ದ. ಪೂರ್ತಿ ಚಿತ್ರ ಹತ್ತಿರಹತ್ತಿರ ಒಂದೂಮುಕ್ಕಾಲು ಗಂಟೆ ಇರಬೇಕು. ಒಂದು ಗಂಟೆಗೇ ಮುಗಿಯುವ ಪ್ರತಿ ಸಿಕ್ಕರೆ, ಒಂದೋ ಕತ್ತರಿಸಿದ್ದಾರೆ, ಇಲ್ಲವೇ ಜೋರಾಗಿ ಓಡಿಸುತ್ತಿದ್ದಾರೆ. ಆ ಕಾಲದ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮು, ಅಂದರೆ ಬಿಡಿ ಚಿತ್ರಗಳು. ಮುಂದೆ ಮಾತಿನ ಚಿತ್ರ ಬಂದಾಗ ಸೆಕೆಂಡಿಗೆ 24 ಅಂತ ಗಟ್ಟಿಯಾಯಿತು. 16ರಲ್ಲಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಎಲ್ಲರೂ ಒಂದೂವರೆ ಪಟ್ಟು ಜೋರಾಗಿ ನಡೆಯುತ್ತಾರೆ. ಮೂಕಿ ಚಿತ್ರದವರು ಕೋತಿಗಳ ಹಾಗೆ ಕುಣಿಯುತ್ತಿದ್ದರು ಅನ್ನುವ ನಮ್ಮ ಕಲ್ಪನೆ ಬಂದದ್ದು ಇಲ್ಲಿಂದಲೇ. ತಪ್ಪು ಅವರದಲ್ಲ, ಓಡಿಸಿದವರದು. ಜೋರಾಗಿ ಓಡುವ ಪ್ರತಿಯೇ ಗತಿ ಅಂದರೆ ಪ್ಲೇಯರಿನಲ್ಲಿ ವೇಗವನ್ನು 0.75ಕ್ಕೆ ಇಳಿಸಿ. ಸಂಗೀತ ಎಳೆದಾಡುತ್ತದೆ ನಿಜ, ಅದನ್ನು ಮ್ಯೂಟ್ ಮಾಡಿ.

ಎರಡು, ಬಣ್ಣ. ಕಪ್ಪು-ಬಿಳುಪು ಅಂತ ನಾವು ಹೇಳುವ ಎಷ್ಟೋ ಮೂಕಿ ಚಿತ್ರಗಳು ನಿಜವಾಗಿ ಕಪ್ಪು-ಬಿಳುಪು ಆಗಿರಲಿಲ್ಲ. ಪ್ರದರ್ಶನದ ಪ್ರತಿಯನ್ನು ಬಣ್ಣದ ನೀರಿನಲ್ಲಿ ಅದ್ದುತ್ತಿದ್ದರು. ಹೊರಗಿನ ರಾತ್ರಿಗೆ ನೀಲಿ, ದೀಪ ಉರಿಯುವ ಕೋಣೆಗೆ ಹಳದಿ ಅಥವಾ ಕಂದು. ಈ ಚಿತ್ರದ ಜೀರ್ಣೋದ್ಧಾರವಾದ ಪ್ರತಿಗಳಲ್ಲಿ ಆ ಬಣ್ಣಗಳಿವೆ. ಅದನ್ನೇ ಹುಡುಕಿ. ಸ್ಮಶಾನದ ನೀಲಿಯಿಂದ ಮನೆಯೊಳಗಿನ ಹಳದಿಗೆ ಬರುವಾಗ ಚಳಿ ಬಿಟ್ಟು ಒಲೆ ಹತ್ತಿರ ಬಂದ ಹಾಗಾಗುತ್ತದೆ. ಆದರೆ ಈ ಚಿತ್ರದಲ್ಲಿ ಹಳದಿ ಕೋಣೆಯೊಳಗೇ ಜಾಸ್ತಿ ಕೆಟ್ಟದ್ದು ನಡೆಯುತ್ತದೆ, ಗಮನಿಸಿ.

ಮೂರು, ದೃಶ್ಯಗಳ ನಡುವೆ ಬರುವ ಬರಹದ ಕಾರ್ಡುಗಳು. ಸ್ವೀಡಿಷ್ ಕಾರ್ಡು, ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಒಳ್ಳೆಯದು. ಮನೆಯಲ್ಲಿ ಹಿರಿಯರಿದ್ದರೆ ಒಬ್ಬರು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋಗಿ. ಇದೇನು ಅಡ್ಡದಾರಿ ಅಲ್ಲ. ಮೂಕಿಯ ಕಾಲದಲ್ಲಿ ನಮ್ಮ ದೇಶದ ಎಷ್ಟೋ ಕಡೆ ಪರದೆ ಪಕ್ಕ ಒಬ್ಬರು ನಿಂತು ಓದು ಬಾರದವರಿಗೆ ಕಥೆ ಹೇಳುತ್ತಿದ್ದರು. ನಾನು ಅಮ್ಮನಿಗೆ ಹೀಗೇ ಹೇಳಿ ತೋರಿಸಿದೆ. ನನಗೆ ಕಾಣದೇ ಇದ್ದ ಎರಡು ಸಂಗತಿ ಅವರಿಗೆ ಕಂಡವು, ಮುಂದೆ ಹೇಳುತ್ತೇನೆ.

ಸಂಗೀತ ಮತ್ತು ಕತ್ತಲೆ

ಕೋಣೆ ಕತ್ತಲಾಗಿರಲಿ. ಈ ಚಿತ್ರದ ಅರ್ಧ ಭಾಗ ಕತ್ತಲೆಯೇ. ಬೆಳಕಿರುವ ಕೋಣೆಯಲ್ಲಿ ಫೋನಿನಲ್ಲಿ ನೋಡಿದರೆ ದೆವ್ವಗಳು ಕಾಣುವುದೇ ಇಲ್ಲ. ಸಂಗೀತ ಹಿಡಿಸದಿದ್ದರೆ ಮುಲಾಜಿಲ್ಲದೆ ನಿಲ್ಲಿಸಿ. ಮೌನದಲ್ಲಿ ನೋಡಿದರೂ ಏನೂ ನಷ್ಟವಿಲ್ಲ.

ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ

ಸಿನಿಮಾ ನೋಡುವುದಕ್ಕೆ ಕಾಗದವೇ ಅಂತ ನಗಬೇಡಿ. ಈ ಚಿತ್ರದ ಕಾಲ ನೇರ ದಾರಿಯಲ್ಲಿ ಹೋಗುವುದಿಲ್ಲ. ಒಂದು ಗೆರೆ ಎಳೆದು ನಡುವೆ ‘ರಾತ್ರಿ 12’ ಅಂತ ಬರೆದುಕೊಳ್ಳಿ. ಕಥೆ ಹಿಂದಕ್ಕೆ ಹೋದಾಗಲೆಲ್ಲ ಗೆರೆಯ ಎಡಕ್ಕೆ ಒಂದು ಗುರುತು ಹಾಕಿ.

ಶುರುವಾಗುವುದು ಹೀಗೆ. ಬಡವರ ಸೇವೆ ಮಾಡುವ ಕ್ರೈಸ್ತ ಸಂಸ್ಥೆ ಸಾಲ್ವೇಷನ್ ಆರ್ಮಿಯ ಸೋದರಿ ಈಡಿತ್ ಕ್ಷಯದಿಂದ ಸಾಯುತ್ತಿದ್ದಾಳೆ. ಡೇವಿಡ್ ಹಾಲ್ಮ್‌ನನ್ನು ಕರೆದುಕೊಂಡು ಬನ್ನಿ ಅನ್ನುತ್ತಾಳೆ. ಯಾಕೆ ಅಂತ ಚಿತ್ರ ಆಗಲೇ ಹೇಳುವುದಿಲ್ಲ. ಆ ಡೇವಿಡ್ ಎಲ್ಲಿದ್ದಾನೆ? ಸ್ಮಶಾನದಲ್ಲಿ, ಇಬ್ಬರು ಗೆಳೆಯರ ಜೊತೆ ಕುಡಿಯುತ್ತಾ ಕೂತಿದ್ದಾನೆ. ಅವರಿಗೆ ಜಾರ್ಜ್ ಅನ್ನುವ ಹಳೆಯ ಗೆಳೆಯನ ಕಥೆ ಹೇಳುತ್ತಾನೆ. ಇದು ಎಡಕ್ಕೆ ಮೊದಲ ಗುರುತು. ಆ ಕಥೆಯೊಳಗೆ ಜಾರ್ಜ್ ಇನ್ನೊಂದು ಕಥೆ ಹೇಳುತ್ತಾನೆ: ವರ್ಷದ ಕೊನೆಯ ಗಳಿಗೆಯಲ್ಲಿ ಕಟ್ಟಕಡೆಗೆ ಸತ್ತವನು ಮುಂದಿನ ಒಂದು ವರ್ಷ ಸಾವಿನ ಗಾಡಿ ಹೊಡೆಯಬೇಕು, ಸತ್ತವರ ಆತ್ಮಗಳನ್ನು ತುಂಬಿಕೊಂಡು ಹೋಗಬೇಕು. ಕಥೆಯೊಳಗೆ ಕಥೆ, ಇನ್ನೊಂದು ಗುರುತು. ಆ ಜಾರ್ಜ್ ಸತ್ತದ್ದು ಕಳೆದ ಹೊಸವರ್ಷದ ಹಿಂದಿನ ರಾತ್ರಿ. ಅಲ್ಲಿಗೆ ಗಾಡಿ ಈಗ ಯಾರ ಕೈಯಲ್ಲಿದೆ ಅಂತ ನಿಮಗೆ ಗೊತ್ತಾಯಿತು.

ಪಂಚತಂತ್ರ ಓದಿ ಬೆಳೆದ ನಮಗೆ ಕಥೆಯೊಳಗಿನ ಕಥೆ ಹೊಸದಲ್ಲ. ಆದರೆ 1921ರ ಸಿನಿಮಾದಲ್ಲಿ ಇಷ್ಟು ಧೈರ್ಯವಾಗಿ ಹಿಂದೆ ಮುಂದೆ ಹೋಗಿ ಬರುವವರು ಕಡಿಮೆ.

ಈಡಿತ್ ಕಳಿಸಿದವನು ಬಂದು ಕರೆದರೂ ಡೇವಿಡ್ ಹೋಗುವುದಿಲ್ಲ. ಗೆಳೆಯರೇ ಅವನನ್ನು ಎಳೆದುಕೊಂಡು ಹೋಗಲು ನೋಡುತ್ತಾರೆ. ಹೊಡೆದಾಟ. ತಲೆಗೆ ಬಾಟಲಿಯ ಏಟು. ಗಡಿಯಾರ ಹನ್ನೆರಡು ಹೊಡೆಯುತ್ತದೆ. ಕುಂಟುತ್ತಾ ಗಾಡಿ ಬರುತ್ತದೆ. ಇನ್ನು ಪೆನ್ಸಿಲ್ ಕೆಳಗಿಡಿ, ಕಣ್ಣು ಬಿಟ್ಟು ನೋಡಿ.

ಒಂದೇ ಫಿಲ್ಮಿನ ಮೇಲೆ ಎರಡು ಲೋಕ

ಡೇವಿಡ್‌ನ ದೇಹ ನೆಲದ ಮೇಲೆ ಬಿದ್ದಿರುತ್ತದೆ. ಅದರೊಳಗಿಂದ ಇನ್ನೊಬ್ಬ ಡೇವಿಡ್ ಏಳುತ್ತಾನೆ, ಅವನ ಮೂಲಕ ಹಿಂದಿನ ಗೋರಿಗಳು ಕಾಣುತ್ತವೆ. ಈ ಜಾಗದಲ್ಲಿ ಚಿತ್ರ ನಿಲ್ಲಿಸಿ, ಹಿಂದಕ್ಕೆ ಹೋಗಿ, ಇನ್ನೊಂದು ಸಲ ನೋಡಿ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದನ್ನು ಮಾಡಿದ್ದು ಹೇಗೆ?

ಒಂದೇ ಫಿಲ್ಮನ್ನು ಎರಡು ಸಲ ಬೆಳಕಿಗೆ ಒಡ್ಡಿ. ಇದಕ್ಕೆ ಡಬಲ್ ಎಕ್ಸ್‌ಪೋಷರ್ ಅನ್ನುತ್ತಾರೆ. ಮೊದಲ ಸಲ ಸ್ಮಶಾನ ಮತ್ತು ಬಿದ್ದ ದೇಹವನ್ನು ತೆಗೆಯಬೇಕು. ಆಮೇಲೆ ಕ್ಯಾಮೆರಾದೊಳಗೇ ಫಿಲ್ಮನ್ನು ಹಿಂದಕ್ಕೆ ಸುತ್ತಬೇಕು. ಎರಡನೇ ಸಲ ಕಪ್ಪು ಹಿನ್ನೆಲೆಯ ಮುಂದೆ ‘ದೆವ್ವ’ವನ್ನು ನಡೆಸಿ ಅದೇ ಫಿಲ್ಮಿನ ಮೇಲೆ ತೆಗೆಯಬೇಕು. ಕಪ್ಪು ಇರುವ ಕಡೆ ಫಿಲ್ಮಿಗೆ ಬೆಳಕು ಬೀಳುವುದಿಲ್ಲ, ಅಲ್ಲಿ ಮೊದಲಿನ ಚಿತ್ರ ಹಾಗೇ ಉಳಿಯುತ್ತದೆ. ದೆವ್ವ ಇರುವ ಕಡೆ ಎರಡೂ ಬೆರೆಯುತ್ತವೆ.

ಈ ಉಪಾಯ ಹೊಸದೇನಲ್ಲ. ಫ್ರಾನ್ಸಿನ ಮೆಲಿಯೆಸ್ 1898ರಲ್ಲೇ ಕಪ್ಪು ಪರದೆ ಇಟ್ಟುಕೊಂಡು ತನ್ನ ತಲೆಯನ್ನೇ ಕಿತ್ತು ಮೇಜಿನ ಮೇಲೆ ಇಟ್ಟು ತೋರಿಸಿದ್ದ. ಯೇನ್ಸೋನ್ ಮಾಡಿದ್ದು ಬೇರೆ. ಅವನ ದೆವ್ವಗಳು ಕುರ್ಚಿಯ ಹಿಂದೆ ಹೋಗುತ್ತವೆ, ಮಂಚದ ಮುಂದೆ ಬರುತ್ತವೆ, ಮುಚ್ಚಿದ ಬಾಗಿಲೊಳಗೆ ಹಾದು ಹೋಗುತ್ತವೆ. ಕೆಲವು ಕಡೆ ಒಂದೇ ಫಿಲ್ಮನ್ನು ನಾಲ್ಕು ಸಲದವರೆಗೂ ಬೆಳಕಿಗೆ ಒಡ್ಡಿದರು. ಒಂದೊಂದು ಸಲಕ್ಕೂ ಬೇರೆ ಬೆಳಕು, ಬೇರೆ ಫಿಲ್ಟರ್. ನಾಲ್ಕನೇ ಸಲ ಯಾರಾದರೂ ಎಡವಿದರೆ ಮೊದಲ ಮೂರು ಸಲದ್ದೂ ಹೋಯಿತು!

ಇದಕ್ಕಿಂತ ದೊಡ್ಡ ಕಷ್ಟ ಕೈಯದು. ಆ ಕಾಲದ ಕ್ಯಾಮೆರಾದಲ್ಲಿ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಮಾನ್ಯವಾಗಿ ಎಂಟು ಫ್ರೇಮು. ಸೆಕೆಂಡಿಗೆ ಎರಡು ಸುತ್ತು ಅಂದರೆ 16. ಮೊದಲ ಸಲ ಮಲಗಿರುವ ಈಡಿತ್ 40ನೇ ಸುತ್ತಿಗೆ ತಲೆ ತಿರುಗಿಸಿದಳು ಅಂತ ಇಟ್ಟುಕೊಳ್ಳಿ. ಎರಡನೇ ಸಲ ದೆವ್ವ 40ನೇ ಸುತ್ತಿಗೇ ಬಾಗಿಲಲ್ಲಿ ಕಾಣಿಸಿಕೊಳ್ಳಬೇಕು. ಕೈ ಸ್ವಲ್ಪ ಅವಸರಪಟ್ಟರೂ ಅವಳು ಖಾಲಿ ಗೋಡೆಯನ್ನು ನೋಡಿ ಮಾತಾಡಿದ ಹಾಗಿರುತ್ತದೆ. ಲಯ ತಪ್ಪದಿರಲಿ ಅಂತ ಆ ಕಾಲದ ಎಷ್ಟೋ ಕ್ಯಾಮೆರಾದವರು ಒಳಗೊಳಗೇ ಹಾಡು ಗುನುಗುತ್ತಾ ಹಿಡಿ ತಿರುಗಿಸುತ್ತಿದ್ದರಂತೆ. ತಾಳ ಹಾಕಿ ಅಭ್ಯಾಸ ಇರುವವರಿಗೆ ಇದು ಅರ್ಥವಾಗುತ್ತದೆ. ಅದೇ ಆದಿತಾಳವನ್ನು ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಕಿ ನೋಡಿ.

ಇದನ್ನೆಲ್ಲ ಸ್ಟುಡಿಯೋದಲ್ಲೇ ಮಾಡಬೇಕಿತ್ತು. ಲಾಗರ್ಲೋಫ್‌ಗೆ ಕಾದಂಬರಿಯ ಊರಾದ ಲಾಂಡ್ಸ್‌ಕ್ರೋನಾದಲ್ಲೇ ತೆಗೆಯಲಿ ಅಂತ ಆಸೆ ಇತ್ತು. ಶೋಸ್ಟ್ರೋಮ್ ಒಪ್ಪಲಿಲ್ಲ. ಸ್ಟಾಕ್‌ಹೋಮ್ ಪಕ್ಕದ ರೋಸುಂಡಾದಲ್ಲಿ ಆಗತಾನೇ ಕಟ್ಟಿದ ಸ್ಟುಡಿಯೋದಲ್ಲಿ 1920ರ ಬೇಸಿಗೆಯಲ್ಲಿ ಊರನ್ನೇ ಕಟ್ಟಿಸಿದ. ಬೆಳಕು ಪೂರ್ತಿ ತನ್ನ ಹಿಡಿತದಲ್ಲಿರಬೇಕು ಅನ್ನುವುದು ಅವನ ಲೆಕ್ಕ.

ಆದರೂ ನನಗೆ ಇಷ್ಟವಾದ ದೃಶ್ಯ ಸ್ಮಶಾನದ್ದಲ್ಲ, ಸಮುದ್ರದ್ದು. ಮುಳುಗಿ ಸತ್ತವನೊಬ್ಬನನ್ನು ಕರೆದೊಯ್ಯಲು ಗಾಡಿ ಅಲೆಗಳ ಮೇಲೆ ಉರುಳಿಕೊಂಡು ಬರುತ್ತದೆ. ಗಾಡಿಯವನು ಇಳಿದು ಸಮುದ್ರದ ತಳಕ್ಕೇ ಹೋಗುತ್ತಾನೆ. ಯಾವ ಅಬ್ಬರವೂ ಇಲ್ಲ. ದಿನಾ ಸಂತೆಗೆ ಹೋಗಿ ಮೂಟೆ ಹೇರಿಕೊಂಡು ಬರುವವನ ಹಾಗೆ ಸುಮ್ನೆ ತನ್ನ ಕೆಲಸ ಮಾಡುತ್ತಾನೆ. ಸುಸ್ತಾದ ಕೂಲಿಯವನು. ಯಮನ ಕೋಣ, ಪಾಶ, ಮೀಸೆ ನೋಡಿ ಬೆಳೆದ ನಮಗೆ ಈ ಸಾವು ವಿಚಿತ್ರ ಅನ್ನಿಸುತ್ತದೆ. ಹೆದರಿಸುವುದಿಲ್ಲ, ಅಯ್ಯೋ ಪಾಪ ಅನ್ನಿಸುತ್ತದೆ.

ಕಾಣುತ್ತದೆ, ಮುಟ್ಟಲಾಗುವುದಿಲ್ಲ

ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಹೇಳಬೇಕಾದ ಮುಖ್ಯ ಮಾತು ಇದೇ.

ಸಿನಿಮಾ ಹುಟ್ಟಿದ ಕಾಲದಿಂದಲೂ ದೇವರ ಕಥೆ ಹೇಳಲು ಇಂಥ ತಂತ್ರಗಳನ್ನು ಬಳಸಿದ್ದಾರೆ. ಏಸುವಿನ ಜೀವನವನ್ನು ಒಂದೊಂದೇ ಸ್ತಬ್ಧಚಿತ್ರದ ಹಾಗೆ ಜೋಡಿಸಿದ ಚಿತ್ರಗಳು ಬಹಳ ಬಂದವು. ಫ್ರಾನ್ಸಿನ ಆಲಿಸ್ ಗೀ 1906ರಲ್ಲಿ ಮಾಡಿದ್ದರಲ್ಲಿ ಅಂಥ 25 ದೃಶ್ಯಗಳಿವೆ. ಮುಂಬಯಿಯಲ್ಲಿ ಇಂಥದ್ದೇ ಒಂದು ಏಸುವಿನ ಚಿತ್ರ ನೋಡಿ ದಾದಾಸಾಹೇಬ್ ಫಾಲ್ಕೆಯವರಿಗೆ ನಮ್ಮ ಕೃಷ್ಣ, ರಾಮರನ್ನೂ ಹೀಗೇ ತೆರೆಯ ಮೇಲೆ ತರಬೇಕು ಅನ್ನಿಸಿತು. 1913ರಲ್ಲಿ ಹರಿಶ್ಚಂದ್ರನ ಕಥೆ ಬಂತು. ಅಲ್ಲೆಲ್ಲ ತಂತ್ರ ಇರುವುದು ಪವಾಡಕ್ಕೆ. ದೇವರು ಪ್ರತ್ಯಕ್ಷನಾದ, ಮಾಯವಾದ. ಜನ ಕೈಮುಗಿದರು.

ಶೋಸ್ಟ್ರೋಮ್ ಅದೇ ತಂತ್ರವನ್ನು ತಿರುಗಿಸಿ ಹಿಡಿದ. ಇಲ್ಲಿ ಪಾರದರ್ಶಕವಾಗಿರುವವನು ದೇವರಲ್ಲ, ಪಾಪಿ. ಅವನಿಗೆ ಎಲ್ಲ ಕಾಣುತ್ತದೆ, ಎಲ್ಲ ಕೇಳಿಸುತ್ತದೆ. ಆದರೆ ಅವನ ಕೈಗೆ ಯಾವುದೂ ಸಿಗುವುದಿಲ್ಲ. ತಾನು ಹಾಳು ಮಾಡಿದ್ದನ್ನೆಲ್ಲ ಕಣ್ಣಾರೆ ನೋಡಬೇಕು, ಏನನ್ನೂ ಸರಿಮಾಡುವಂತಿಲ್ಲ. ಪಶ್ಚಾತ್ತಾಪ ಅಂದರೆ ಇದೇ ತಾನೇ? ನಾಲ್ಕು ಪುಟ ಬರೆದು ಹೇಳಬೇಕಾದ್ದನ್ನು ಎರಡು ಸಲ ಬೆಳಕು ತಾಗಿದ ಒಂದು ಫಿಲ್ಮು ಹೇಳಿಬಿಡುತ್ತದೆ. ಇದು ತಲೆಯಲ್ಲಿದ್ದರೆ ಮುಂದಿನ ಒಂದು ಗಂಟೆ ಬೇರೆ ರೀತಿ ಕಾಣುತ್ತದೆ. ಯಾರು ಗಟ್ಟಿಯಾಗಿ ಕಾಣುತ್ತಾರೆ, ಯಾರು ತೆಳ್ಳಗೆ ಕಾಣುತ್ತಾರೆ ಅನ್ನುವುದನ್ನೇ ನೋಡುತ್ತಾ ಹೋಗಿ.

ಕೋಟಿನ ಮೇಲೆ ಕಣ್ಣಿಡಿ

ಜಾರ್ಜ್ ಡೇವಿಡ್‌ನಿಗೆ ಹಳೆಯದನ್ನೆಲ್ಲ ನೆನಪಿಸುತ್ತಾನೆ. ಹೆಂಡತಿ, ಮಕ್ಕಳು, ತಮ್ಮನ ಜೊತೆ ಹೊರಗೆ ಹುಲ್ಲಿನ ಮೇಲೆ ಕೂತು ಊಟ ಮಾಡಿದ ಒಂದು ಒಳ್ಳೆಯ ದಿನ. ಆಮೇಲೆ ಕುಡಿತ, ಜೈಲು. ಕುಡಿದ ಅಮಲಿನಲ್ಲಿ ಆ ತಮ್ಮ ಬೇರೆ ಯಾರನ್ನೋ ಕೊಂದದ್ದು. ಸರಿಹೋಗುತ್ತೇನೆ ಅಂತ ಮನೆಗೆ ಬಂದರೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟುಹೋಗಿದ್ದಾಳೆ. ಅಲ್ಲಿಂದ ಅವನಿಗೆ ಒಂದೇ ಹಟ: ಅವಳನ್ನು ಹುಡುಕಿ ಸೇಡು ತೀರಿಸಿಕೊಳ್ಳಬೇಕು.

ಇನ್ನೊಂದು ಹೊಸವರ್ಷದ ಹಿಂದಿನ ರಾತ್ರಿ. ಸಾಲ್ವೇಷನ್ ಆರ್ಮಿಯವರು ಆ ಊರಿನಲ್ಲಿ ಬಡವರಿಗಾಗಿ ಹೊಸದಾಗಿ ತೆರೆದ ತಂಗುಮನೆ. ಮೊದಲ ಅತಿಥಿಯಾಗಿ ಬಂದವನು ಡೇವಿಡ್. (ಈ ಸಂಸ್ಥೆ 1865ರಲ್ಲಿ ಲಂಡನ್ನಿನಲ್ಲಿ ಶುರುವಾದದ್ದು, 1882ರಲ್ಲಿ ಭಾರತಕ್ಕೂ ಬಂತು. ಸಮವಸ್ತ್ರ, ಬ್ಯಾಂಡು, ಬಡವರ ಸೇವೆ ಇವೇ ಅವರ ಗುರುತು.) ಅವನು ಮಲಗಿದ ಮೇಲೆ ಈಡಿತ್ ಅವನ ಹರಿದ ಕೋಟನ್ನು ರಾತ್ರಿಯೆಲ್ಲ ಕೂತು ಹೊಲಿಯುತ್ತಾಳೆ. ಕೋಟಿನಲ್ಲಿ ಕ್ಷಯದ ಸೋಂಕಿದೆ. ಅವಳು ಸಾಯುತ್ತಿರುವುದು ಇದರಿಂದಲೇ ಅಂತ ನಮಗೆ ಈಗ ಗೊತ್ತಾಗುತ್ತದೆ. ನಿಮ್ಮ ಕಾಗದದ ಗೆರೆಯ ಮೇಲೆ ಇದನ್ನು ದಪ್ಪಗೆ ಗುರುತು ಮಾಡಿಕೊಳ್ಳಿ.

ಬೆಳಿಗ್ಗೆ ಎದ್ದ ಡೇವಿಡ್ ಹೊಲಿದ ಕೋಟನ್ನು ನೋಡುತ್ತಾನೆ. ಹೊಲಿದದ್ದು ಯಾರು ಅಂತ ಕೇಳಿ ಅವಳನ್ನು ಕರೆಸುತ್ತಾನೆ. ಅವಳ ಎದುರೇ, ನಗುತ್ತಾ, ಒಂದೊಂದೇ ತೇಪೆಯನ್ನು ಕಿತ್ತು ಹಾಕುತ್ತಾನೆ. ನನಗೆ ಹರಿದದ್ದೇ ಅಭ್ಯಾಸ ಅನ್ನುವ ಧಾಟಿ. ನಾನು ಈ ದೃಶ್ಯವನ್ನು ‘ಕ್ರೂರಿ’ ಅಂದುಕೊಂಡು ದಾಟಿಬಿಟ್ಟಿದ್ದೆ. ಅಮ್ಮ ಮಾತ್ರ ತಡೆಯಲಾರದೆ, “ರಾತ್ರಿಯೆಲ್ಲ ಕಣ್ಣು ನೋಯಿಸಿಕೊಂಡು ಹೊಲಿದದ್ದು ಕಣೋ! ಕೈ ಬೀಳಲಿ ಅವನದು” ಅಂದರು. ಹೊಲಿಗೆ ಗೊತ್ತಿದ್ದವರಿಗೇ ಆ ಬಟ್ಟೆ ಹರಿಯುವ ಶಬ್ದ ಕೇಳಿಸುತ್ತದೆ. ಮೂಕಿ ಚಿತ್ರದಲ್ಲಿ! ಶಬ್ದ ಇಲ್ಲದ ಕಡೆ ನಿರ್ದೇಶಕ ವಸ್ತುಗಳಿಂದ ಮಾತಾಡಿಸುತ್ತಾನೆ. ಆದ್ದರಿಂದ ಮೂಕಿ ಚಿತ್ರ ನೋಡುವಾಗ ಮುಖ ಎಷ್ಟು ನೋಡುತ್ತೀರೋ ಅಷ್ಟೇ ಕೈಗಳನ್ನೂ ನೋಡಿ. ಇನ್ನೊಂದು ಮಾತು. ಆ ತೇಪೆ ಕೀಳುವ ಕೈ ಗಟ್ಟಿಯಾದ ಕೈ, ಬದುಕಿರುವವನ ಕೈ. ಮುಟ್ಟಲು ಆಗುವ ಕಾಲದಲ್ಲಿ ಅವನು ಆ ಕೈಯಿಂದ ಮಾಡಿದ್ದು ಇದು.

ಅಂದ ಹಾಗೆ, ಈಡಿತ್ ಆ ರಾತ್ರಿ ಒಂದು ಪ್ರಾರ್ಥನೆ ಮಾಡಿರುತ್ತಾಳೆ: ನಮ್ಮ ಮನೆಗೆ ಬಂದ ಈ ಮೊದಲ ಅತಿಥಿಗೆ ಹೊಸವರ್ಷ ಒಳ್ಳೆಯದಾಗಲಿ ಅಂತ. ವರ್ಷ ಮುಗಿಯುವುದರೊಳಗೆ ಅದು ಫಲಿಸಿತೋ ಇಲ್ಲವೋ ತಿಳಿಯಬೇಕು ಅಂತಲೇ ಸಾಯುವ ಹೊತ್ತಿನಲ್ಲಿ ಅವನನ್ನು ಕರೆಸುತ್ತಿರುವುದು.

ಕೊಡಲಿಯ ದೃಶ್ಯ

ಇದು ಎಲ್ಲರಿಗೂ ಗೊತ್ತಿರುವ ದೃಶ್ಯ, ಬೇಗ ಮುಗಿಸುತ್ತೇನೆ. ಈಡಿತ್ ಒಳ್ಳೆಯ ಮನಸ್ಸಿನಿಂದ ಗಂಡ ಹೆಂಡತಿಯನ್ನು ಮತ್ತೆ ಒಂದು ಮಾಡುತ್ತಾಳೆ. ಅದು ಇನ್ನೂ ಕೆಟ್ಟದ್ದಕ್ಕೆ ದಾರಿಯಾಗುತ್ತದೆ. ಡೇವಿಡ್ ಬೇಕೆಂತಲೇ ಮಕ್ಕಳ ಮುಖದ ಮೇಲೆ ಕೆಮ್ಮುತ್ತಾನೆ. ಹೆಂಡತಿ ಅವನನ್ನು ಒಳಗೆ ಕೂಡಿಹಾಕಿ ಮಕ್ಕಳ ಜೊತೆ ಓಡಿಹೋಗಲು ನೋಡುತ್ತಾಳೆ. ಅವನು ಕೊಡಲಿಯಿಂದ ಬಾಗಿಲು ಒಡೆಯುತ್ತಾನೆ. 1980ರಲ್ಲಿ ಕೂಬ್ರಿಕ್ ಮಾಡಿದ ‘ದಿ ಶೈನಿಂಗ್’ ನೋಡಿದವರಿಗೆ ಮೈ ಜುಂ ಅನ್ನುತ್ತದೆ. ಅಮೆರಿಕದ ಗ್ರಿಫಿತ್ 1919ರಲ್ಲೇ ಇಂಥದ್ದೊಂದು ಬಾಗಿಲು ಒಡೆಸಿದ್ದ. ಯಾರು ಯಾರಿಂದ ತೆಗೆದುಕೊಂಡರು ಅನ್ನುವ ಜಗಳಕ್ಕಿಂತ ಒಂದು ಸಣ್ಣ ಸಂಗತಿ ನೋಡಿ: ದೆವ್ವವಾದ ಮೇಲೆ ಎಲ್ಲ ಬಾಗಿಲುಗಳನ್ನೂ ಸುಮ್ಮನೆ ಹಾದುಹೋಗಬಹುದಾದವನು ಬದುಕಿದ್ದಾಗ ಬಾಗಿಲು ಒಡೆದುಕೊಂಡು ಬರುತ್ತಾನೆ.

ಕೊನೆಯ ಎರಡು ಕೋಣೆಗಳು

ಜಾರ್ಜ್ ಡೇವಿಡ್‌ನ ಕೈಕಾಲು ಕಟ್ಟಿ ಗಾಡಿಯಲ್ಲಿ ಹಾಕಿಕೊಂಡು ಈಡಿತ್‌ಳ ಕೋಣೆಗೆ ಬರುತ್ತಾನೆ. ಅವಳಿಗೆ ಜಾರ್ಜ್ ಕಾಣುತ್ತಾನೆ. ಸಾಯುವವರಿಗೆ ಕಾಣುತ್ತದೆ ಅನ್ನುವ ನಂಬಿಕೆ ನಮ್ಮಲ್ಲೂ ಇದೆ. ಡೇವಿಡ್‌ನನ್ನು ನೋಡುವವರೆಗೆ ನಿಲ್ಲು ಅಂತ ಸಾವನ್ನೇ ಬೇಡಿಕೊಳ್ಳುತ್ತಾಳೆ. ನೆಲದ ಮೇಲೆ ಬಿದ್ದ ಡೇವಿಡ್ ಇದನ್ನು ಕೇಳಿಸಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಶೋಸ್ಟ್ರೋಮ್‌ನ ಮುಖ ನೋಡಿ. ಮೂಕಿಯ ನಟರು ಕಣ್ಣು ಅರಳಿಸಿ ಎದೆ ಹಿಡಿದುಕೊಳ್ಳುತ್ತಾರೆ ಅಂತ ಯಾರಾದರೂ ಹೇಳಿದರೆ ಈ ಎರಡು ನಿಮಿಷ ತೋರಿಸಿ. ಅವನು ಹೆಚ್ಚಿಗೆ ಏನೂ ಮಾಡುವುದಿಲ್ಲ. ಗಡುಸಾಗಿದ್ದ ಮುಖ ಮೆಲ್ಲಗೆ ಸಡಿಲವಾಗುತ್ತದೆ, ಅಷ್ಟೇ.

ಇಷ್ಟಕ್ಕೇ ಮುಗಿದಿದ್ದರೆ ಇದು ಸಾಮಾನ್ಯ ಭಕ್ತಿ ಚಿತ್ರವಾಗುತ್ತಿತ್ತು. ಮುಗಿಯುವುದಿಲ್ಲ. ಜಾರ್ಜ್ ಅವನನ್ನು ಇನ್ನೊಂದು ಕೋಣೆಗೆ, ಅವನ ಮನೆಗೇ ಕರೆದೊಯ್ಯುತ್ತಾನೆ. ಹೆಂಡತಿ ಸೋತುಹೋಗಿದ್ದಾಳೆ. ಮಕ್ಕಳಿಗೂ ತನಗೂ ವಿಷ ಬೆರೆಸುತ್ತಿದ್ದಾಳೆ. ಡೇವಿಡ್ ಕೂಗುತ್ತಾನೆ, ಅವಳಿಗೆ ಕೇಳಿಸುವುದಿಲ್ಲ. ತಡೆ ಅಂತ ಜಾರ್ಜ್‌ನನ್ನು ಬೇಡುತ್ತಾನೆ. ಬದುಕಿರುವವರ ಮೇಲೆ ನನಗೆ ಅಧಿಕಾರವಿಲ್ಲ ಅನ್ನುತ್ತಾನೆ ಜಾರ್ಜ್. ತೆಳ್ಳನೆಯ ದೆವ್ವ, ಗಟ್ಟಿಯಾದ ಹೆಂಡತಿ, ಒಂದೇ ಫ್ರೇಮಿನಲ್ಲಿ, ಎರಡು ಅಡಿ ದೂರ. ಇಷ್ಟು ಹೊತ್ತು ಬೆರಗಾಗಿ ನೋಡಿದ ತಂತ್ರ ಇಲ್ಲಿ ಉಸಿರು ಕಟ್ಟಿಸುತ್ತದೆ.

ಆಗ ಅವನು ಪ್ರಾರ್ಥಿಸುತ್ತಾನೆ. ಜಾರ್ಜ್ ಅವನನ್ನು ದೇಹಕ್ಕೆ ಹಿಂದಿರುಗಿಸುತ್ತಾನೆ. ಸ್ಮಶಾನದಲ್ಲಿ ಕಣ್ಣು ಬಿಟ್ಟವನು ಮನೆಗೆ ಓಡುತ್ತಾನೆ.

ಇದನ್ನು ನೋಡಿ ಅಮ್ಮ, “ಇದು ನಮ್ಮ ಅಜಾಮಿಳನ ಕಥೆ ಅಲ್ವಾ” ಅಂದರು. ಹೌದಲ್ಲ ಅನ್ನಿಸಿತು ನನಗೂ. ಬದುಕೆಲ್ಲ ಪಾಪ ಮಾಡಿದವನು, ಕೊನೆಯ ಗಳಿಗೆ, ಬಾಗಿಲಲ್ಲಿ ಯಮದೂತರು, ಒಂದು ಕೂಗು. ಆದರೆ ಒಂದು ವ್ಯತ್ಯಾಸ ಇದೆ. ಅಜಾಮಿಳ ಮಗನನ್ನು ಕರೆಯಲು ಹೋಗಿ ನಾರಾಯಣ ಅಂದ, ಹೆಸರಿನ ಬಲವೇ ಅವನನ್ನು ಕಾಪಾಡಿತು. ಡೇವಿಡ್ ತನಗಾಗಿ ಏನನ್ನೂ ಬೇಡುವುದಿಲ್ಲ. ಅವನಿಗೆ ಸಿಗುವುದು ಸ್ವರ್ಗವೂ ಅಲ್ಲ. ಸಿಗುವುದು ಎರಡು ಕೈ, ಮತ್ತೆ ಮುಟ್ಟಬಲ್ಲ ಕೈ. ಕನ್ನಡ ಬೈಬಲ್ಲಿನಲ್ಲಿ ‘ದೇವರ ಕಡೆಗೆ ತಿರುಗಿಕೊಳ್ಳಿರಿ’ ಅನ್ನುವ ಮಾತು ಬರುತ್ತದೆ. ಇಲ್ಲಿ ತಿರುಗಿಕೊಳ್ಳುವುದು ಅಂದರೆ ಮನೆಯ ದಾರಿಗೆ ತಿರುಗುವುದು.

ಹೆಂಡತಿ ಅವನನ್ನು ಕೂಡಲೇ ನಂಬುವುದಿಲ್ಲ, ಅದು ನನಗೆ ಬಹಳ ಹಿಡಿಸಿತು. ಯಾಕೆ ನಂಬಬೇಕು? ಅವನು ಅತ್ತ ಮೇಲೇ ಅವಳಿಗೂ ಅಳು ಬರುವುದು. ಕೊನೆಯ ಪ್ರಾರ್ಥನೆ ಜಾರ್ಜ್ ಅವನಿಗೆ ಹೇಳಿಕೊಟ್ಟದ್ದು: ಕೊಯ್ಲಿಗೆ ಮುಂಚೆ ನನ್ನ ಆತ್ಮ ಮಾಗಲಿ ದೇವರೇ, ಅನ್ನುವ ಅರ್ಥದ್ದು. ಪೈರಿನ ಮಾತು. ಸಾವಿನ ಗಾಡಿಯವನ ಕೈಯಲ್ಲಿ ಕುಡುಗೋಲು ಯಾಕಿತ್ತು ಅಂತ ಆಗ ನೆನಪಾಗುತ್ತದೆ.

ಮನೆಯಲ್ಲೇ ಒಂದು ದೆವ್ವ ಮಾಡಿ

ನೋಡಿದ್ದು ಕೈಗೆ ಹತ್ತಬೇಕು ಅಂದರೆ ಒಂದು ಸಂಜೆ ಇದನ್ನು ಮಾಡಿ ನೋಡಿ. ಫೋನು, ಫೋನ್ ಅಲುಗದಂತೆ ಹಿಡಿಯಲು ಒಂದು ಸ್ಟ್ಯಾಂಡು (ಇಲ್ಲವಾದರೆ ಪುಸ್ತಕದ ರಾಶಿ), ಎರಡು ಮೂರು ಕಪ್ಪು ಬೆಡ್‌ಶೀಟು, ಒಂದು ಟೇಬಲ್ ಲ್ಯಾಂಪು ಸಾಕು.

ಫೋನಿನ ಫೋಕಸ್ಸು ಮತ್ತು ಬೆಳಕಿನ ಮಟ್ಟವನ್ನು ಲಾಕ್ ಮಾಡಿ. ಮೊದಲು ಮಂದ ಬೆಳಕಿನಲ್ಲಿ ಖಾಲಿ ಕೋಣೆ ಮತ್ತು ನಡುವೆ ಒಂದು ಕುರ್ಚಿ ಇಟ್ಟು ಅರ್ಧ ನಿಮಿಷ ವಿಡಿಯೋ ತೆಗೆಯಿರಿ. ಫೋನನ್ನು ಕದಲಿಸಬೇಡಿ. ಈಗ ಹಿಂದಿನ ಗೋಡೆಗೆ ಕಪ್ಪು ಬಟ್ಟೆ ಕಟ್ಟಿ. ಕುರ್ಚಿಗೂ ಕಪ್ಪು ಬಟ್ಟೆ ಹೊದಿಸಿ, ಆದರೆ ಇದ್ದ ಜಾಗದಲ್ಲೇ ಇರಲಿ. ತಿಳಿ ಬಣ್ಣದ ಬಟ್ಟೆ ಹಾಕಿದ ಒಬ್ಬರನ್ನು ಕುರ್ಚಿಯ ಹಿಂದಿನಿಂದ ನಡೆಸಿ. ಲ್ಯಾಂಪಿನ ಬೆಳಕು ಅವರ ಮೇಲೆ ಮಾತ್ರ ಪಕ್ಕದಿಂದ ಬೀಳಲಿ.

ಎಡಿಟಿಂಗ್ ಆ್ಯಪಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಡಿ. ಮೇಲಿನದನ್ನು ಅರ್ಧ ಮಸುಕು ಮಾಡಿಬಿಡುವುದು ಎಲ್ಲರೂ ಮಾಡುವ ಕೆಲಸ, ಅದು ಬೇಡ. ಹಾಗೆ ಮಾಡಿದರೆ ಕೋಣೆಯೂ ಮಂಕಾಗುತ್ತದೆ. ಬ್ಲೆಂಡ್ ಮೋಡಿನಲ್ಲಿ ‘ಸ್ಕ್ರೀನ್’ ಆರಿಸಿ. ಫಿಲ್ಮಿನಲ್ಲಿ ಬೆಳಕಿನ ಮೇಲೆ ಬೆಳಕು ಸೇರುತ್ತದೆ, ಕಪ್ಪು ಏನನ್ನೂ ಸೇರಿಸುವುದಿಲ್ಲ. ‘ಸ್ಕ್ರೀನ್’ ಮಾಡುವುದೂ ಹತ್ತಿರಹತ್ತಿರ ಅದನ್ನೇ. ನಿಮ್ಮ ದೆವ್ವ ಕುರ್ಚಿಯ ಹಿಂದೆ ನಡೆದುಹೋಗುತ್ತದೆ, ಕುರ್ಚಿ ಗಟ್ಟಿಯಾಗಿಯೇ ಇರುತ್ತದೆ. ಕಪ್ಪು ಬಟ್ಟೆ ಹೊದ್ದ ಕುರ್ಚಿ ದೆವ್ವಕ್ಕೆ ಅಡ್ಡ ನಿಂತಿತ್ತಲ್ಲ, ಅದಕ್ಕೆ.

ಆದಮೇಲೆ ಕಷ್ಟದ್ದು. ಮೊದಲ ವಿಡಿಯೋದಲ್ಲಿ ಕುರ್ಚಿಯಲ್ಲಿ ಒಬ್ಬರು ಕೂತಿರಲಿ. ಹತ್ತು ಎಣಿಸಿದ ಮೇಲೆ ತಲೆ ತಿರುಗಿಸಿ ದೆವ್ವವನ್ನು ‘ನೋಡಲಿ’. ಎರಡನೇ ಸಲ ದೆವ್ವ ಅದೇ ಹತ್ತಕ್ಕೆ ಅದೇ ಜಾಗದಲ್ಲಿ ಇರಬೇಕು. ಎಡಿಟಿಂಗ್‌ನಲ್ಲಿ ಸರಿಸಿ ಹೊಂದಿಸುವುದು ಬೇಡ, ಅದು ಮೋಸ. ನಮ್ಮ ಮನೆಯಲ್ಲಿ ಒಂಬತ್ತನೇ ಸಲಕ್ಕೆ ಸರಿಹೋಯಿತು. ಅದೂ ದೆವ್ವಕ್ಕೆ ನಗು ತಡೆಯಲಾಗಲಿಲ್ಲ.

ಮುಂದೆ ಏನು ನೋಡಬಹುದು

ಇದು ಹಿಡಿಸಿದರೆ ಜರ್ಮನಿಯ ನಿರ್ದೇಶಕ ಮುರ್ನೌ ಹಾಲಿವುಡ್‌ಗೆ ಹೋಗಿ 1927ರಲ್ಲಿ ಮಾಡಿದ ‘ಸನ್‌ರೈಸ್’ ನೋಡಿ. ಹೆಂಡತಿಯನ್ನು ಕೊಲ್ಲಲು ಹೊರಟ ರೈತನೊಬ್ಬ ಯಾರದೋ ಮದುವೆ ನಡೆಯುತ್ತಿರುವ ಚರ್ಚಿನ ಬೆಂಚಿನಲ್ಲಿ ಕೂತು ಕುಸಿದುಬಿಡುತ್ತಾನೆ. ಅಲ್ಲೂ ಡಬಲ್ ಎಕ್ಸ್‌ಪೋಷರ್ ಇದೆ. ಡೆನ್ಮಾರ್ಕಿನ ಡ್ರೈಯರ್ 1928ರಲ್ಲಿ ಮಾಡಿದ ಜೋನ್ ಆಫ್ ಆರ್ಕ್ ಚಿತ್ರ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ದೆವ್ವವೂ ಇಲ್ಲ, ಮಾಯವೂ ಇಲ್ಲ. ಮೇಕಪ್ ಇಲ್ಲದ ಮುಖಗಳನ್ನು ಹತ್ತಿರದಿಂದ ತೋರಿಸುತ್ತಾ ಹೋಗುತ್ತಾನೆ. ಅದೇ ಕಾಲದಲ್ಲಿ ಹಾಲಿವುಡ್ಡಿನ ಡಿಮಿಲ್ ಮಾಡಿದ ಬೈಬಲ್ ಚಿತ್ರಗಳಲ್ಲಿ ಜನಸಂದಣಿ, ವೈಭವ ಜಾಸ್ತಿ. ನನಗೆ ಅವು ಅಷ್ಟಕ್ಕಷ್ಟೆ.

ಎಲ್ಲಕ್ಕಿಂತ ಮುಂಚೆ ಒಂದು ಮಾತಿನ ಚಿತ್ರ ನೋಡಿ ಅನ್ನುತ್ತೇನೆ. ಸ್ವೀಡನ್ನಿನದೇ ನಿರ್ದೇಶಕ ಇಂಗ್ಮರ್ ಬರ್ಗ್‌ಮನ್ ಹುಡುಗನಾಗಿದ್ದಾಗ ಈ ಗಾಡಿಯ ಚಿತ್ರ ನೋಡಿ ಅಲ್ಲಾಡಿಹೋಗಿದ್ದ, ದೊಡ್ಡವನಾದ ಮೇಲೂ ಮತ್ತೆ ಮತ್ತೆ ನೋಡುತ್ತಿದ್ದ. 1957ರಲ್ಲಿ ‘ವೈಲ್ಡ್ ಸ್ಟ್ರಾಬೆರೀಸ್’ ಮಾಡುವಾಗ ಮುಖ್ಯ ಪಾತ್ರಕ್ಕೆ ಶೋಸ್ಟ್ರೋಮ್‌ನನ್ನೇ ಕರೆದ. ಅವನಿಗೆ ಆಗ ಎಪ್ಪತ್ತೇಳು ದಾಟಿತ್ತು. ಶುರುವಿನಲ್ಲೇ ಮುದುಕನಿಗೆ ಒಂದು ಕನಸು. ಯಾರೂ ಇಲ್ಲದ ಬೀದಿ, ಮುಳ್ಳಿಲ್ಲದ ಗಡಿಯಾರ. ಗಾಡಿಯೊಂದು ಬರುತ್ತದೆ, ಈ ಸಲ ಶವದ ಗಾಡಿ. ಹೊಡೆಯುವವನು ಇಲ್ಲ. ಚಕ್ರ ದೀಪದ ಕಂಬಕ್ಕೆ ಸಿಕ್ಕಿ ಕಳಚುತ್ತದೆ, ಪೆಟ್ಟಿಗೆ ಜಾರಿ ಕೆಳಗೆ ಬೀಳುತ್ತದೆ. ಮುದುಕ ಹತ್ತಿರ ಹೋಗಿ ಬಗ್ಗುತ್ತಾನೆ. ಪೆಟ್ಟಿಗೆಯೊಳಗಿಂದ ಒಂದು ಕೈ ಬಂದು ಅವನನ್ನು ಹಿಡಿದುಕೊಳ್ಳುತ್ತದೆ. ಒಳಗೆ ಮಲಗಿರುವವನೂ ಅವನೇ. ಆ ಕೈಯ ಆಚೆ ಏನೂ ಕಾಣುವುದಿಲ್ಲ, ಅಷ್ಟು ಗಟ್ಟಿಯಾಗಿದೆ.